ದಡ ಕಾಣುವ ಹೊತ್ತಿಗೆ ಹಿಡಿದೊಯ್ದರು: ಬ್ರಿಟನ್ನಿನ ನೌಕಾಪಡೆಯ ಬಲವಂತದ ಭರ್ತಿ

1792ರಲ್ಲಿ ಬ್ರಿಟನ್ನಿನ ಸಂಸತ್ತು ತನ್ನ ನೌಕಾಪಡೆಗೆ ಮಂಜೂರು ಮಾಡಿದ್ದು 16,000 ಜನರನ್ನು. ಮರುವರ್ಷ ಕ್ರಾಂತಿಯ ಫ್ರಾನ್ಸಿನೊಂದಿಗೆ ಯುದ್ಧ ಶುರುವಾದದ್ದೇ ತಡ, ಆ ಸಂಖ್ಯೆ 45,000ಕ್ಕೆ ಏರಿತು. 1795ರಲ್ಲಿ 1,00,000 ಆಯಿತು, 1797ರಲ್ಲಿ 1,20,000 ಆಯಿತು, ನೆಪೋಲಿಯನ್ನನೊಂದಿಗಿನ ಹೋರಾಟ ತಾರಕಕ್ಕೇರಿದ್ದ 1810ರಲ್ಲಿ 1,45,000 ಮುಟ್ಟಿತು. ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಯುದ್ಧ ಶುರುವಾಗುವ ಮುನ್ನ ಬ್ರಿಟನ್ನಿನ ವ್ಯಾಪಾರಿ ಹಡಗುಗಳೆಲ್ಲ ಸೇರಿ ದುಡಿಯುತ್ತಿದ್ದ ನಾವಿಕರೇ ಸುಮಾರು 1,18,000 ಮಂದಿ. ಅಂದರೆ ದೇಶದ ಸಮುದ್ರ ವ್ಯಾಪಾರವನ್ನು ನಡೆಸುತ್ತಿದ್ದ ಕೈಗಳು ಎಷ್ಟಿದ್ದವೋ ಹೆಚ್ಚು ಕಡಿಮೆ ಅಷ್ಟೇ ಕೈಗಳು ಯುದ್ಧದ ಹಡಗುಗಳಿಗೂ ಬೇಕಾಗಿದ್ದವು, ಅದೂ ನಾಲ್ಕೈದು ವರ್ಷಗಳೊಳಗೆ, ಮತ್ತು ವ್ಯಾಪಾರ ನಿಲ್ಲದ ಹಾಗೆ. ವ್ಯಾಪಾರ ನಿಂತರೆ ಸುಂಕವಿಲ್ಲ, ಸುಂಕವಿಲ್ಲದಿದ್ದರೆ ಯುದ್ಧ ಮಾಡಲು ಹಣವಿಲ್ಲ. ಒಂದೇ ಕೆರೆಗೆ ಎರಡು ತೂಬುಗಳನ್ನು ಒಟ್ಟಿಗೆ ತೆರೆದಂತಹ ಸ್ಥಿತಿ ಅದು.

ಈ ಬಿಕ್ಕಟ್ಟಿಗೆ ಬ್ರಿಟನ್ ಕಂಡುಕೊಂಡಿದ್ದ ಹಳೆಯ ಉತ್ತರವೇ ನಾವಿಕರ ಬಲವಂತದ ಭರ್ತಿ. ರಾಜನ ಹೆಸರಿನಲ್ಲಿ ಹೊರಡಿಸಿದ ವಾರಂಟ್ ಹಿಡಿದ ಅಧಿಕಾರಿಯೊಬ್ಬ, ದೊಣ್ಣೆ ಮತ್ತು ಕಿರುಗತ್ತಿ ಹಿಡಿದ ಹತ್ತಾರು ಜನರೊಂದಿಗೆ ಬಂದು, ಸಮುದ್ರದ ಕಸುಬು ಬಲ್ಲವನನ್ನು ಹಿಡಿದು, ಅವನ ಒಪ್ಪಿಗೆ ಇರಲಿ ಇಲ್ಲದಿರಲಿ, ಯುದ್ಧ ಮುಗಿಯುವವರೆಗೆ ನೌಕಾಪಡೆಗೆ ಸೇರಿಸಿಬಿಡುತ್ತಿದ್ದ. ಈ ತಂಡಗಳಿಗೆ ಪ್ರೆಸ್ ಗ್ಯಾಂಗ್ ಎಂದು ಹೆಸರು. ಬೀದಿಯಲ್ಲಿ ಸಿಕ್ಕ ಕುಡುಕನನ್ನೂ ರೈತನನ್ನೂ ಗುಮಾಸ್ತನನ್ನೂ ಒಂದೇ ಸಮನೆ ಎಳೆದೊಯ್ಯುತ್ತಿದ್ದರು ಎಂಬ ಚಿತ್ರ ಜನಪ್ರಿಯವಾಗಿದೆ. ಅಂತಹ ಅನ್ಯಾಯಗಳು ನಡೆದಿಲ್ಲವೆಂದಲ್ಲ. ಆದರೆ ವ್ಯವಸ್ಥೆಯ ತಿರುಳು ಬೇರೆಯೇ ಇತ್ತು. ಅದು ಕಣ್ಣಿಟ್ಟಿದ್ದು ನುರಿತ ಕಸುಬುದಾರರ ಮೇಲೆ. ಪೇಟೆಯಲ್ಲಿ ಅವರ ದುಡಿಮೆಗೆ ಏನು ಬೆಲೆಯಿತ್ತೋ ಆ ಬೆಲೆಯನ್ನು ಕೊಡದೆ ಅವರನ್ನು ಪಡೆಯುವುದೇ ಅದರ ಉದ್ದೇಶ, ಮತ್ತು ಇಡೀ ವಿಷಯ ಅರ್ಥವಾಗುವುದು ಈ ಎಳೆಯನ್ನು ಹಿಡಿದಾಗಲೇ.

ನುರಿತವರೇ ಏಕೆ ಬೇಕಿತ್ತು? ಎಪ್ಪತ್ತನಾಲ್ಕು ಫಿರಂಗಿಗಳ ಒಂದು ಯುದ್ಧನೌಕೆಗೆ ಸುಮಾರು 600 ಜನ ಬೇಕಾಗುತ್ತಿತ್ತು. ಅದೇ ಕಾಲದ ಸಾಧಾರಣ ಸರಕು ಹಡಗನ್ನು ಹದಿನೈದಿಪ್ಪತ್ತು ಜನ ನಡೆಸುತ್ತಿದ್ದರು. ಯುದ್ಧನೌಕೆಯ 600 ಜನರಲ್ಲಿ ಬಹುಪಾಲು ಫಿರಂಗಿಗಳನ್ನು ಎಳೆದು ತಳ್ಳುವ, ಹಗ್ಗ ಜಗ್ಗುವ ಕೆಲಸಕ್ಕೆ. ಅದನ್ನು ಹಳ್ಳಿಯಿಂದ ಬಂದವನೂ ಕೆಲವು ತಿಂಗಳಲ್ಲಿ ಕಲಿಯಬಲ್ಲ. ಆದರೆ ಬಿರುಗಾಳಿಯ ರಾತ್ರಿ ಆಳೆತ್ತರಕ್ಕೆ ಹತ್ತು ಪಟ್ಟು, ಇಪ್ಪತ್ತು ಪಟ್ಟು ಮೇಲಿರುವ ಪಟದ ಅಡ್ಡಮರದ ಮೇಲೆ ಹೊಟ್ಟೆಯೂರಿ ಬಾಗಿ, ಕಾಲಡಿಯ ಒಂದೇ ಹಗ್ಗದ ಮೇಲೆ ನಿಂತು, ನೆನೆದು ಹಲಗೆಯಂತಾದ ಹಾಯಿಯನ್ನು ಮಡಿಚಿ ಕಟ್ಟುವವನು ಹನ್ನೆರಡು ಹದಿಮೂರರ ವಯಸ್ಸಿಗೇ ಸಮುದ್ರಕ್ಕೆ ಬಿದ್ದವನಾಗಿರಬೇಕು. ಅಂತಹವನನ್ನು ತಯಾರಿಸಲು ವರ್ಷಗಳು ಬೇಕು. ನೌಕಾಪಡೆಗೆ ಆ ವ್ಯವಧಾನವಿರಲಿಲ್ಲ. ತಯಾರಾದವನು ವ್ಯಾಪಾರಿ ಹಡಗಿನಲ್ಲಿ ಇದ್ದೇ ಇದ್ದ.

ಅವನನ್ನು ಸಂಬಳ ತೋರಿಸಿ ಕರೆಯಬಹುದಿತ್ತು. ಇಲ್ಲಿಯೇ ಕತೆಯ ಮರ್ಮವಿದೆ. ನುರಿತ ನಾವಿಕನೊಬ್ಬನಿಗೆ ನೌಕಾಪಡೆ ಕೊಡುತ್ತಿದ್ದ ಸಂಬಳವನ್ನು 1653ರಲ್ಲಿ ತಿಂಗಳಿಗೆ 24 ಶಿಲಿಂಗ್ ಎಂದು ನಿಗದಿ ಮಾಡಿದ್ದರು. ತಿಂಗಳೆಂದರೆ 28 ದಿನ. ಆಗ ಅದು ಒಳ್ಳೆಯ ಸಂಬಳವೇ. ಆದರೆ ಆಮೇಲೆ 1797ರವರೆಗೆ, ಹತ್ತಿರ ಹತ್ತಿರ ಒಂದೂವರೆ ಶತಮಾನ, ಅದು ಒಂದು ಪೆನ್ನಿಯಷ್ಟೂ ಏರಲಿಲ್ಲ. ಈ ನಡುವೆ ದಿನಸಿಯ ಬೆಲೆ ಏರಿತು, ಬಟ್ಟೆಯ ಬೆಲೆ ಏರಿತು, ವ್ಯಾಪಾರಿ ಹಡಗುಗಳ ಸಂಬಳವೂ ಏರಿತು. ಯುದ್ಧ ಬಂದು ನಾವಿಕರು ವಿರಳವಾದಾಗಲಂತೂ ವ್ಯಾಪಾರಿಗಳು ನೌಕಾಪಡೆಯ ಎರಡು ಮೂರು ಪಟ್ಟು ಕೊಡಲು ಮುಂದಾಗುತ್ತಿದ್ದರು. ಇದ್ದ 24 ಶಿಲಿಂಗ್ ಆದರೂ ಕೈಗೆ ಬರುತ್ತಿತ್ತೇ ಎಂದರೆ ಅದೂ ಇಲ್ಲ. ಓಡಿಹೋಗದಿರಲಿ ಎಂದು ಆರು ತಿಂಗಳ ಸಂಬಳವನ್ನು ಸದಾ ಬಾಕಿ ಉಳಿಸಿಕೊಳ್ಳುತ್ತಿದ್ದರು. ಒಂದು ಹಡಗಿನಿಂದ ಇನ್ನೊಂದಕ್ಕೆ ವರ್ಗ ಮಾಡಿದಾಗ ಹಣದ ಬದಲು ಚೀಟಿ ಕೊಡುತ್ತಿದ್ದರು. ಆ ಚೀಟಿಯನ್ನು ಬಂದರಿನ ದಲ್ಲಾಳಿಗಳಿಗೆ ಅರೆಬೆಲೆಗೆ ಮಾರಿಕೊಳ್ಳದೆ ಹೆಂಡತಿ ಮಕ್ಕಳಿಗೆ ಗತಿ ಇರಲಿಲ್ಲ. ಸಂಬಳದ ಒಂದು ಭಾಗವನ್ನು ಮನೆಗೆ ತಲುಪಿಸಲು ದಾರಿ ಮಾಡಿಕೊಟ್ಟ ಕಾಯಿದೆ ಬಂದದ್ದು 1758ರಲ್ಲಿ.

ನೌಕಾಪಡೆಯ ಪರವಾಗಿಯೂ ಎರಡು ಮಾತು ಹೇಳಬೇಕು. ಅಲ್ಲಿ ಊಟ ಹೊಟ್ಟೆತುಂಬ ಸಿಗುತ್ತಿತ್ತು, ಜನ ಹೆಚ್ಚಿದ್ದುದರಿಂದ ತಲೆಗೆ ಬೀಳುವ ಕೆಲಸ ಕಡಿಮೆಯಿತ್ತು, ಗಾಯಗೊಂಡವನಿಗೆ ವೈದ್ಯನಿದ್ದ, ಶತ್ರುವಿನ ಹಡಗು ಸೆರೆಯಾದರೆ ಅದರ ಬೆಲೆಯಲ್ಲಿ ನಾವಿಕನಿಗೂ ಒಂದು ಪಾಲಿತ್ತು. ಇವುಗಳ ಆಸೆಗೆ, ಒಳ್ಳೆಯ ಹೆಸರಿನ ಕ್ಯಾಪ್ಟನ್ನನ ಮೇಲಿನ ನಂಬಿಕೆಗೆ, ಸೇರುವಾಗ ಸಿಗುವ ಇನಾಮಿಗೆ ಸ್ವಂತ ಇಚ್ಛೆಯಿಂದ ಬಂದವರು ಕಡಿಮೆಯೇನಲ್ಲ. ಅವಧಿಯದ್ದೇ ಅಡ್ಡಿ. ವ್ಯಾಪಾರಿ ಹಡಗು ಒಂದು ಪ್ರಯಾಣ ಮುಗಿದೊಡನೆ ಲೆಕ್ಕ ಚುಕ್ತಾ ಮಾಡಿ ಬಿಡುತ್ತಿತ್ತು. ನೌಕಾಪಡೆಗೆ ಹೋದವನು ಯುದ್ಧ ಮುಗಿಯುವವರೆಗೆ ಅಲ್ಲಿಯೇ. ಓಡಿಹೋಗುತ್ತಾನೆಂಬ ಭಯದಿಂದ ದಡಕ್ಕೆ ಇಳಿಯಲೂ ಬಿಡುತ್ತಿರಲಿಲ್ಲ. ಅದರ ಮೇಲೆ ರೋಗ. 1756ರಿಂದ 1763ರವರೆಗಿನ ಏಳು ವರ್ಷಗಳ ಯುದ್ಧದ ಬಗ್ಗೆ ಆ ಕಾಲದಲ್ಲೇ ಪ್ರಕಟವಾದ ಲೆಕ್ಕದ ಪ್ರಕಾರ, ಭರ್ತಿಯಾದ 1,84,893 ಜನರಲ್ಲಿ ಕಾದಾಟದಲ್ಲಿ ಸತ್ತವರು 1,512. ರೋಗದಿಂದ ಸತ್ತವರು ಮತ್ತು ಓಡಿಹೋದವರೂ ಸೇರಿದಂತೆ ನಾಪತ್ತೆಯಾದವರು 1,33,708. ತಳ ಒಡೆದ ಪಾತ್ರೆಯನ್ನು ಹೀಗೆ ತುಂಬುತ್ತ ಹೋಗಬೇಕಾದ್ದರಿಂದಲೇ ಭರ್ತಿ ಎಂದೂ ಮುಗಿಯುವ ಕೆಲಸವಾಗಿರಲಿಲ್ಲ.

ಇನ್ನು ಕಾನೂನು. ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಅಷ್ಟೊಂದು ಹೆಮ್ಮೆಪಡುತ್ತಿದ್ದ ದೇಶದಲ್ಲಿ ಇದು ಹೇಗೆ ನಡೆಯಿತು ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ನ್ಯಾಯಾಲಯಗಳೇ ಎದುರಿಸಿದವು. 1743ರಲ್ಲಿ ಬ್ರಿಸ್ಟಲ್ ಬಂದರಿನ ಬಳಿ ವ್ಯಾಪಾರಿ ಹಡಗೊಂದನ್ನು ಏರಿಬಂದ ಪ್ರೆಸ್ ಗ್ಯಾಂಗಿನ ಒಬ್ಬನನ್ನು ಅಲೆಕ್ಸಾಂಡರ್ ಬ್ರಾಡ್‌ಫುಟ್ ಎಂಬ ನಾವಿಕ ಗುಂಡಿಟ್ಟು ಕೊಂದ. ವಾರಂಟನ್ನು ಅಧಿಕಾರಿಯೇ ಖುದ್ದಾಗಿ ಜಾರಿ ಮಾಡಬೇಕಿತ್ತು. ಅಂದು ಅಧಿಕಾರಿ ತನ್ನ ಹಡಗಿನಲ್ಲೇ ಉಳಿದು ಬರೀ ಆಳುಗಳನ್ನು ಕಳಿಸಿದ್ದ. ಆದ್ದರಿಂದ ಆ ಹಿಡಿಯುವಿಕೆಯೇ ಅಕ್ರಮವೆಂದು ತೀರ್ಮಾನಿಸಿದ ನ್ಯಾಯಾಧೀಶ ಮೈಕೇಲ್ ಫಾಸ್ಟರ್, ಬ್ರಾಡ್‌ಫುಟ್‌ನ ಮೇಲೆ ಕೊಲೆಯ ಆರೋಪ ನಿಲ್ಲುವುದಿಲ್ಲ, ಅದು ಕೊಲೆಯಲ್ಲದ ನರಹತ್ಯೆ ಮಾತ್ರ ಎಂದ. ಇಷ್ಟಕ್ಕೇ ನಿಂತಿದ್ದರೆ ನಾವಿಕರ ಗೆಲುವಾಗುತ್ತಿತ್ತು. ಆದರೆ ಫಾಸ್ಟರ್ ಅದೇ ಸಂದರ್ಭದಲ್ಲಿ ದೀರ್ಘವಾಗಿ ವಾದಿಸಿ, ವಾರಂಟ್ ಸರಿಯಾಗಿದ್ದರೆ ನಾವಿಕರನ್ನು ಬಲವಂತವಾಗಿ ಹಿಡಿಯುವ ಅಧಿಕಾರ ರಾಜನಿಗೆ ಅನಾದಿ ಕಾಲದಿಂದ ಇದೆ, ದೇಶದ ರಕ್ಷಣೆಗೆ ಅದು ಅಗತ್ಯ ಎಂದು ಸ್ಥಾಪಿಸಿದ. 1776ರಲ್ಲಿ ಲಂಡನ್ ನಗರದ ಮೇಯರ್ ಕೊಟ್ಟಿದ್ದ ರಕ್ಷಣೆಯನ್ನು ನಂಬಿದ್ದ ಜಾನ್ ಟಬ್ಸ್ ಎಂಬ ದೋಣಿಗನ ಮೊಕದ್ದಮೆಯಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೂಡ ಈ ಪದ್ಧತಿ ನಿಂತಿರುವುದು ಬಹುಕಾಲದ ರೂಢಿಯ ಮೇಲೆ ಎಂದ. ಜನರನ್ನು ಹೀಗೆ ಹಿಡಿಯಬಹುದು ಎಂದು ಸಂಸತ್ತು ಎಂದೂ ನೇರವಾಗಿ ಕಾಯಿದೆ ಮಾಡಿರಲಿಲ್ಲ. ಯಾರನ್ನು ಹಿಡಿಯಬಾರದು ಎಂದಷ್ಟೇ ಕಾಯಿದೆಗಳು ಹೇಳುತ್ತಿದ್ದವು, ಮತ್ತು ಆ ವಿನಾಯಿತಿಗಳೇ ಅಧಿಕಾರಕ್ಕೆ ಪುರಾವೆಯಾಗಿಬಿಟ್ಟವು. ಬಡವನೊಬ್ಬನ ಮೈಮೇಲಿನ ಹಕ್ಕನ್ನು ಅಷ್ಟು ದೊಡ್ಡ ನ್ಯಾಯಾಧೀಶರು ರೂಢಿಯೊಂದರ ಆಧಾರದ ಮೇಲೆ ಬಿಟ್ಟುಕೊಟ್ಟದ್ದು ನನಗೆ ಇಂದಿಗೂ ಅರಗದ ಸಂಗತಿ.

ದಡದ ಮೇಲಿನ ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಬಂದರಿನ ಪೇಟೆಯಲ್ಲಿ, ಹೆಚ್ಚಾಗಿ ಒಂದು ಹೆಂಡದ ಮನೆಯನ್ನು ಬಾಡಿಗೆಗೆ ಹಿಡಿದು, ಹೊರಗೆ ಬಾವುಟ ಕಟ್ಟಿ, ಅದನ್ನು ಭರ್ತಿಯ ಠಾಣೆಯಾಗಿ ಮಾಡುತ್ತಿದ್ದರು. ಲಂಡನ್ನಿನ ಟವರ್ ಹಿಲ್‌ನಲ್ಲಿದ್ದದ್ದು ಹೆಸರಾದ ಠಾಣೆ. ಅಲ್ಲಿ ಒಬ್ಬ ಕ್ಯಾಪ್ಟನ್, ಅವನ ಕೈಕೆಳಗೆ ಲೆಫ್ಟಿನೆಂಟರು, ಅವರಿಗೆ ಊರಿನಲ್ಲೇ ಕೂಲಿಗೆ ಹಿಡಿದ ಗಟ್ಟಿಮುಟ್ಟಾದ ಆಳುಗಳು. ಸ್ವಇಚ್ಛೆಯಿಂದ ಬರುವವರಿಗೂ ಬಾಗಿಲು ಅದೇ, ಹಿಡಿದು ತಂದವರಿಗೂ ಅದೇ. ನಾವಿಕನನ್ನು ಗುರುತಿಸುವುದು ಕಷ್ಟವಾಗಿರಲಿಲ್ಲ: ಡಾಂಬರು ಹತ್ತಿ ಕಪ್ಪಾದ ಅಂಗೈ, ಅಗಲ ಕಾಲಿನ ಇಜಾರು, ತೂಗಾಡುವ ನಡಿಗೆ. ಹಿಡಿದವನನ್ನು ಪರೀಕ್ಷಿಸಿದ ಮೇಲೆ ಅವನ ಮುಂದೆ ಎರಡು ದಾರಿ ಇಡುತ್ತಿದ್ದರು. ಈಗಲೇ ಸ್ವಇಚ್ಛೆಯಿಂದ ಸೇರಿದೆನೆಂದು ಹೆಸರು ಬರೆಸಿದರೆ ಇನಾಮು ಸಿಗುತ್ತದೆ, ಸಂಬಳದ ಮುಂಗಡ ಸಿಗುತ್ತದೆ. ಒಲ್ಲೆನೆಂದರೆ ಹಿಡಿದು ತಂದವನೆಂದೇ ಪಟ್ಟಿಯಲ್ಲಿ ಬರೆಯುತ್ತಾರೆ, ಏನೂ ಸಿಗುವುದಿಲ್ಲ, ಆದರೂ ಹೋಗುವುದು ತಪ್ಪುವುದಿಲ್ಲ. ಆಮೇಲೆ ಅವರನ್ನು ಸಣ್ಣ ಹಡಗೊಂದರ ತಳದಲ್ಲಿ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿ, ಕಾವಲಿಟ್ಟು ಕೂಡಿಹಾಕುತ್ತಿದ್ದರು. ಸಾಕಷ್ಟು ಜನ ಸೇರುವವರೆಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಆ ಕತ್ತಲಲ್ಲಿ ಒಬ್ಬರ ಮೈಮೇಲಿನ ಹೇನು ಇನ್ನೊಬ್ಬರಿಗೆ ಹತ್ತಿ, ಅದರೊಂದಿಗೆ ಟೈಫಸ್ ಜ್ವರ ಹರಡಿ, ಅದನ್ನೇ ಹೊತ್ತು ಅವರು ಯುದ್ಧನೌಕೆಗಳನ್ನು ಸೇರುತ್ತಿದ್ದರು.

ಆದರೆ ನುರಿತವರು ಹೆಚ್ಚಾಗಿ ಸಿಕ್ಕುತ್ತಿದ್ದದ್ದು ಬೀದಿಯಲ್ಲಿ ಅಲ್ಲ, ನೀರಿನ ಮೇಲೆ. ದೂರದ ಪ್ರಯಾಣ ಮುಗಿಸಿ ಊರಿಗೆ ಮರಳುತ್ತಿದ್ದ ವ್ಯಾಪಾರಿ ಹಡಗುಗಳನ್ನು ಬಂದರಿಗೆ ಮುಟ್ಟುವ ಮುನ್ನವೇ ತಡೆದು ಏರುತ್ತಿದ್ದರು. ಹೊರಡುವ ಹಡಗನ್ನು ಮುಟ್ಟಿದರೆ ವ್ಯಾಪಾರ ಕೆಡುತ್ತದೆ; ಬರುವ ಹಡಗಿನಿಂದ ಜನರನ್ನು ತೆಗೆದರೆ ಒಡೆಯನಿಗೆ ಅಷ್ಟೇನೂ ನಷ್ಟವಿಲ್ಲ. ಹಡಗನ್ನು ಬಂದರಿಗೆ ತಲುಪಿಸಲು ನೌಕಾಪಡೆ ತನ್ನ ಬದಲಿ ಆಳುಗಳನ್ನು ಏರಿಸುತ್ತಿತ್ತು. ಈ ಲೆಕ್ಕಾಚಾರದಲ್ಲಿ ಎಲ್ಲರ ಅನುಕೂಲವನ್ನೂ ಯೋಚಿಸಿದ್ದರು, ನಾವಿಕನದ್ದೊಂದನ್ನು ಬಿಟ್ಟು. ಒಂದೂವರೆ ಎರಡು ವರ್ಷ ಚೀನಾಕ್ಕೋ ವೆಸ್ಟ್ ಇಂಡೀಸಿಗೋ ಹೋಗಿ, ಬದುಕಿ ಬಂದು, ಊರಿನ ದೀಪಸ್ತಂಭವನ್ನು ಕಣ್ಣಾರೆ ಕಂಡು, ಮನೆಗೆಂದು ತಂದ ಗಂಟನ್ನು ಕಟ್ಟಿಕೊಳ್ಳುತ್ತಿದ್ದ ಹೊತ್ತಿಗೆ ಯುದ್ಧನೌಕೆಯ ದೋಣಿ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು.

ಎಡಿನ್‌ಬರೋ ಬಳಿಯ ಜಾನ್ ನಿಕೋಲ್ ಎಂಬ ಪೀಪಾಯಿ ಕಟ್ಟುವ ನಾವಿಕನಿಗೆ 1794ರಲ್ಲಿ ಆದದ್ದೇ ಇದು. ಚೀನಾದಿಂದ ಮರಳಿ ಥೇಮ್ಸ್ ನದಿಯ ಬಾಯಿಗೆ ಬಂದವನನ್ನು ಅಲ್ಲಿಂದಲೇ ಯುದ್ಧನೌಕೆಗೆ ಒಯ್ದರು. 1798ರ ನೈಲ್ ಕಾಳಗದಲ್ಲಿ ಅವನು ಗೋಲಿಯಾತ್ ಎಂಬ ನೌಕೆಯ ತಳದ ಮದ್ದಿನ ಕೋಣೆಯಲ್ಲಿದ್ದ. 1801ರಲ್ಲಿ ಬಿಡುಗಡೆಯಾಗಿ ಬಂದು ಮದುವೆಯಾಗಿ ಎಡಿನ್‌ಬರೋದಲ್ಲಿ ನೆಲೆನಿಂತ. 1803ರಲ್ಲಿ ಯುದ್ಧ ಮತ್ತೆ ಶುರುವಾಯಿತು. ಮತ್ತೊಮ್ಮೆ ಹಿಡಿದಾರೆಂಬ ಭಯಕ್ಕೆ ಮನೆ, ಕಸುಬು ಎರಡನ್ನೂ ಬಿಟ್ಟು ಒಳನಾಡಿನ ಕೌಸ್‌ಲ್ಯಾಂಡ್ ಎಂಬ ಹಳ್ಳಿಯನ್ನು ಸೇರಿ, ಸುಣ್ಣಕಲ್ಲಿನ ಗಣಿಯಲ್ಲಿ ಕೂಲಿ ಮಾಡುತ್ತ ಹನ್ನೊಂದು ವರ್ಷ ಕಳೆದ. ತಾನು ಕಾದಾಡಿದ ದೇಶದಲ್ಲೇ ಅವನು ತಲೆಮರೆಸಿಕೊಂಡು ಬದುಕಿದ. ಕೊನೆಗೆ ಪಿಂಚಣಿ ಕೇಳಲು ಲಂಡನ್ನಿಗೆ ಹೋದಾಗ, ತಡವಾಗಿ ಅರ್ಜಿ ಹಾಕಿದೆಯೆಂದು ಹೇಳಿ ಕಳಿಸಿದರು. ಅವನ ಬಾಯಿಂದ ಕೇಳಿ ಬರೆದುಕೊಂಡ ನೆನಪುಗಳು 1822ರಲ್ಲಿ ಅಚ್ಚಾದ್ದರಿಂದ ಇಷ್ಟಾದರೂ ನಮಗೆ ಗೊತ್ತು. ಸಾವಿರಾರು ಜನರ ವಿಷಯದಲ್ಲಿ ಉಳಿದಿರುವುದು ಹಡಗಿನ ಹಾಜರಿ ಪಟ್ಟಿಯ ಒಂದು ಸಾಲು ಮಾತ್ರ.

ಈ ಪದ್ಧತಿಯ ಎಳೆ ಭಾರತದ ದಡಕ್ಕೂ ಬಂದು ಮುಟ್ಟುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ದೊಡ್ಡವು, ಅವುಗಳ ಜನ ನುರಿತವರು. ಹಾಗಾಗಿ ಭಾರತದ ಸಮುದ್ರದಲ್ಲಿದ್ದ ನೌಕಾಪಡೆಯ ಕ್ಯಾಪ್ಟನ್ನರು ತಮ್ಮಲ್ಲಿ ಜನ ಸತ್ತಾಗಲೆಲ್ಲ ಕೈಹಾಕುತ್ತಿದ್ದದ್ದು ಅವುಗಳಿಗೇ. ಖಾಲಿಯಾದ ಜಾಗಕ್ಕೆ ಕಂಪನಿ ತುಂಬುತ್ತಿದ್ದದ್ದು ಕೊಂಕಣ, ಗುಜರಾತ್, ಬಂಗಾಳದ ಕಡೆಯ ಖಲಾಸಿಗಳನ್ನು, ಅಂದರೆ ಲಸ್ಕರರನ್ನು. ಬ್ರಿಟಿಷ್ ಹಡಗಿನಲ್ಲಿ ಮುಕ್ಕಾಲು ಪಾಲು ಬ್ರಿಟಿಷರೇ ಇರಬೇಕೆಂಬ ಹಳೆಯ ನಿಯಮವನ್ನು ಯುದ್ಧಕಾಲದಲ್ಲಿ ಸಡಿಲಿಸಿ, ಮುಕ್ಕಾಲು ಪಾಲು ಹೊರಗಿನವರು ಇರಬಹುದೆಂದು 1740ರಲ್ಲೇ ಕಾಯಿದೆ ಮಾಡಿಕೊಂಡಿದ್ದರು. ಹೀಗೆ ಲಂಡನ್ನಿಗೆ ಹೋಗಿ ಇಳಿದ ಲಸ್ಕರರು ಮರುಪ್ರಯಾಣದ ಹಡಗಿಗಾಗಿ ಕಾಯುತ್ತ, ಚಳಿಯಲ್ಲಿ, ಕೈಯಲ್ಲಿ ಕಾಸಿಲ್ಲದೆ ಬೀದಿಪಾಲಾದರು. ಕಪ್ಪು ಬಡವರ ನೆರವಿಗೆಂದು 1786ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಮಿತಿ ಮೊದಲು ಕಣ್ಣು ಹಾಯಿಸಿದ್ದು ಇವರ ಮೇಲೆಯೇ. ಇಂಗ್ಲಿಷ್ ನಾವಿಕನನ್ನು ಹಿಡಿದದ್ದರ ಭಾರವನ್ನು ಹೀಗೆ ನಮ್ಮ ಪಶ್ಚಿಮ ಕರಾವಳಿಯ ಖಲಾಸಿಯೂ ಹೊತ್ತ. ಕರ್ನಾಟಕದ ಇತಿಹಾಸಕ್ಕೆ ಇನ್ನೂ ನೇರವಾಗಿ ತಾಗುವ ಒಂದು ಘಟನೆಯುಂಟು. 1780ರ ಡಿಸೆಂಬರಿನಲ್ಲಿ ಮಂಗಳೂರಿನ ಬಂದರಿಗೆ ನುಗ್ಗಿ ಹೈದರಾಲಿಯ ನೌಕಾಪಡೆಯನ್ನು ಸುಟ್ಟು ಮುಳುಗಿಸಿದ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನ ಹಡಗುಗಳು ಇಂಗ್ಲೆಂಡನ್ನು ಬಿಟ್ಟದ್ದು 1779ರಲ್ಲಿ, ಅಮೆರಿಕದ ಯುದ್ಧಕ್ಕೆ ಜನ ಸಾಲದೆ ಈ ಭರ್ತಿ ಭರದಿಂದ ನಡೆಯುತ್ತಿದ್ದ ಕಾಲದಲ್ಲಿ.

ಹಿಡಿಯಬಾರದವರು ಯಾರೆಂದರೆ ಹದಿನೆಂಟಕ್ಕೆ ಕೆಳಗಿನವರು, ಐವತ್ತೈದು ದಾಟಿದವರು, ವಿದೇಶಿಯರು, ಸಮುದ್ರಕ್ಕೆ ಇಳಿದು ಎರಡು ವರ್ಷವಾಗದವರು. ಇವರಲ್ಲದೆ ತಿಮಿಂಗಿಲ ಬೇಟೆಯ ಹಡಗಿನವರು, ಲಂಡನ್ನಿಗೆ ಕಲ್ಲಿದ್ದಲು ತರುವ ಹಡಗುಗಳ ಕೆಲವರು ಮುಂತಾಗಿ ಹಲವರಿಗೆ ರಕ್ಷಣಾ ಪತ್ರ ಸಿಗುತ್ತಿತ್ತು. ಆ ಪತ್ರದಲ್ಲಿ ಹಿಡಿದವನ ಎತ್ತರ, ಮೈಬಣ್ಣ, ಕೂದಲು, ಮಚ್ಚೆಗಳನ್ನೆಲ್ಲ ಬರೆದಿರುತ್ತಿದ್ದರು. ಅದನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರಬೇಕು, ಮನೆಯಲ್ಲಿ ಮರೆತರೆ ಇಲ್ಲದ ಲೆಕ್ಕವೇ. ಅದು ಇದ್ದರೂ ನೆಮ್ಮದಿಯಿರಲಿಲ್ಲ. ಅಪಾಯ ಹೆಚ್ಚಿದಾಗ ಸರ್ಕಾರ ರಕ್ಷಣೆಗಳನ್ನೆಲ್ಲ ಅಮಾನತಿನಲ್ಲಿಟ್ಟು ಎಲ್ಲರನ್ನೂ ಹಿಡಿಯಲು ಆಜ್ಞೆ ಮಾಡುತ್ತಿತ್ತು. 1779ರ ಜೂನಿನಲ್ಲಿ ಸ್ಪೇನ್ ಯುದ್ಧಕ್ಕೆ ಇಳಿದಾಗ ಇಂತಹ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿದ್ದು ತಡರಾತ್ರಿ, ಬಹುತೇಕ ಸದಸ್ಯರು ಮನೆಗೆ ಹೋದ ಮೇಲೆ. ಸುದ್ದಿ ಹರಡಿದರೆ ನಾವಿಕರು ಅಡಗಿಕೊಳ್ಳುತ್ತಾರೆ ಎಂಬುದೇ ಕಾರಣ. 1803ರ ಮಾರ್ಚಿನಲ್ಲಿ ಮತ್ತೆ ಹಾಗೆಯೇ ಆಯಿತು. ಪೋರ್ಟ್ಸ್‌ಮತ್ ಬಳಿಯ ಗಾಸ್‌ಪೋರ್ಟಿನಲ್ಲಿ ನಡೆದ ತಂತ್ರವೊಂದನ್ನು ಆ ಕಾಲದ ವರದಿಗಳು ದಾಖಲಿಸಿವೆ. ಹತ್ತಿರದ ಕೋಟೆಯಲ್ಲಿ ದಂಗೆಯೆದ್ದಿದೆ ಎಂದು ಸುದ್ದಿ ಹಬ್ಬಿಸಿ, ಅದನ್ನು ಅಡಗಿಸಲೆಂಬಂತೆ ನೌಕಾ ಸೈನಿಕರನ್ನು ಅಬ್ಬರದಿಂದ ಓಡಿಸಿದರು. ನೋಡಲು ಜನ ಹಿಂದೆ ಹಿಂದೆಯೇ ಸೇತುವೆ ದಾಟಿ ಹೋದರು. ಮರಳುವಾಗ ಸೇತುವೆಯ ಬಾಯಿಯಲ್ಲಿ ಪ್ರೆಸ್ ಗ್ಯಾಂಗ್ ನಿಂತಿತ್ತು.

ಹೋದವನ ಹಿಂದೆ ಉಳಿದ ಸಂಸಾರದ ಪಾಡು ಸರ್ಕಾರದ ಲೆಕ್ಕದ ಪುಸ್ತಕಗಳಲ್ಲಿ ಕಾಣುವುದಿಲ್ಲ. ಅಪರೂಪಕ್ಕೆ ನ್ಯಾಯಾಲಯದ ದಾಖಲೆಯಲ್ಲಿ ಕಾಣುತ್ತದೆ. 1770ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ವಿಷಯವಾಗಿ ಸ್ಪೇನಿನೊಂದಿಗೆ ಯುದ್ಧದ ಕಾವೇರಿದಾಗ ಲಂಡನ್ನಿನ ಮೇರಿ ಜೋನ್ಸ್ ಎಂಬ ಎಳೆಯ ಹೆಣ್ಣಿನ ಗಂಡನನ್ನು ಹಿಡಿದೊಯ್ದರು. ಯುದ್ಧ ನಡೆಯಲೇ ಇಲ್ಲ. ಗಂಡನಿಲ್ಲದೆ, ಸಾಲಗಾರರು ಮನೆಯ ಸಾಮಾನು ಹೊತ್ತೊಯ್ದ ಮೇಲೆ, ಮಕ್ಕಳೊಂದಿಗೆ ಬೀದಿಗೆ ಬಿದ್ದ ಅವಳು ಲಡ್ಗೇಟ್ ಹಿಲ್‌ನ ಬಟ್ಟೆ ಅಂಗಡಿಯೊಂದರಲ್ಲಿ ಮಸ್ಲಿನ್ ಬಟ್ಟೆಯ ತುಂಡನ್ನು ಮೇಲಂಗಿಯೊಳಗೆ ಸೇರಿಸಿದಳು. ಯಾರೋ ನೋಡಿದರೆಂದು ಗೊತ್ತಾದೊಡನೆ ತೆಗೆದಿಟ್ಟಳು. 1771ರಲ್ಲಿ ಅವಳನ್ನು ಟೈಬರ್ನ್‌ನಲ್ಲಿ ಗಲ್ಲಿಗೇರಿಸಿದರು. ಗಲ್ಲಿನ ಗಾಡಿ ಹೊರಟಾಗ ಕೂಸು ಅವಳ ಮೊಲೆ ಕುಡಿಯುತ್ತಿತ್ತು ಎಂದು 1777ರಲ್ಲಿ ಸಂಸತ್ತಿನಲ್ಲಿ ವಿಲಿಯಂ ಮೆರೆಡಿತ್ ಹೇಳಿದ. ಅವನು ವಾದಿಸುತ್ತಿದ್ದದ್ದು ಸಣ್ಣ ಕಳ್ಳತನಕ್ಕೂ ಮರಣದಂಡನೆ ವಿಧಿಸುವ ಕಾಯಿದೆಗಳ ವಿರುದ್ಧ. ಆದರೆ ಗಂಡನನ್ನು ಕಿತ್ತುಕೊಂಡದ್ದೂ ಸರ್ಕಾರ, ಅವನಿಲ್ಲದ್ದರಿಂದ ಕದ್ದವಳನ್ನು ಕೊಂದದ್ದೂ ಸರ್ಕಾರ ಎಂಬ ಅವನ ಮಾತು ಬಲವಂತದ ಭರ್ತಿಯ ವಿರುದ್ಧವೂ ಅಷ್ಟೇ ಗಟ್ಟಿಯಾದ ವಾದ.

ಜನ ಸುಮ್ಮನಿರಲಿಲ್ಲ. 1793ರಲ್ಲಿ ವಿಟ್ಬಿ ಬಂದರಿನಲ್ಲಿ ಭರ್ತಿಯ ಠಾಣೆಯನ್ನೇ ಜನ ಕೆಡವಿದರು. ಅದಕ್ಕಾಗಿ ಒಬ್ಬ ವೃದ್ಧನನ್ನು ಗಲ್ಲಿಗೇರಿಸಲಾಯಿತು. ಅಮೆರಿಕದಲ್ಲಿ ಸಿಟ್ಟು ಇನ್ನೂ ಆಳವಾಗಿತ್ತು. 1747ರ ನವೆಂಬರಿನಲ್ಲಿ ಚಾರ್ಲ್ಸ್ ನೋಲ್ಸ್ ಎಂಬ ಅಧಿಕಾರಿ ಬಾಸ್ಟನ್ನಿನಲ್ಲಿ 46 ಜನರನ್ನು ಹಿಡಿಸಿದಾಗ, ಊರ ಜನ ನೌಕಾಪಡೆಯ ಅಧಿಕಾರಿಗಳನ್ನು ಒತ್ತೆಯಾಗಿ ಹಿಡಿದು ಮೂರು ದಿನ ಬಾಸ್ಟನ್ನನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು. ಸ್ವಾತಂತ್ರ್ಯ ಬಂದ ಮೇಲೂ ತೊಂದರೆ ತಪ್ಪಲಿಲ್ಲ. ಬ್ರಿಟನ್ನಿನಲ್ಲಿ ಹುಟ್ಟಿದವನು ಸಾಯುವವರೆಗೂ ಬ್ರಿಟಿಷ್ ಪ್ರಜೆಯೇ ಎಂದು ಲಂಡನ್ ಹೇಳುತ್ತಿತ್ತು. ಬಂದು ನೆಲೆಸಿದವನು ನಮ್ಮವನಾಗಬಲ್ಲ ಎಂದು ಅಮೆರಿಕ ಹೇಳುತ್ತಿತ್ತು. ಭಾಷೆ ಒಂದೇ, ಚಹರೆ ಒಂದೇ ಆಗಿದ್ದ ಜನರಲ್ಲಿ ಯಾರು ಯಾವ ದೇಶದವನೆಂದು ನಿರ್ಧರಿಸುತ್ತಿದ್ದವನು ಜನ ಸಾಲದೆ ಕಂಗೆಟ್ಟ ಬ್ರಿಟಿಷ್ ಲೆಫ್ಟಿನೆಂಟ್. 1807ರ ಜೂನ್ 22ರಂದು ಲೆಪರ್ಡ್ ಎಂಬ ಬ್ರಿಟಿಷ್ ನೌಕೆ ವರ್ಜೀನಿಯಾದ ಹೊರಗೆ ಚೆಸಪೀಕ್ ಎಂಬ ಅಮೆರಿಕದ ಯುದ್ಧನೌಕೆಯ ಮೇಲೆಯೇ ಗುಂಡು ಹಾರಿಸಿ, ಮೂವರನ್ನು ಕೊಂದು, ನಾಲ್ವರನ್ನು ಇಳಿಸಿಕೊಂಡು ಹೋಯಿತು. 1812ರಲ್ಲಿ ಅಮೆರಿಕ ಯುದ್ಧ ಘೋಷಿಸಿದಾಗ ಮುಂದಿಟ್ಟ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಅಷ್ಟರಲ್ಲಿ 6,000ಕ್ಕೂ ಹೆಚ್ಚು ಅಮೆರಿಕನ್ನರನ್ನು ಹಿಡಿದಿದ್ದಾರೆಂದು ಅದರ ಸರ್ಕಾರ ದೂರಿತ್ತು. ಯುದ್ಧ ಮುಗಿಸಿದ 1814ರ ಘೆಂಟ್ ಒಪ್ಪಂದದಲ್ಲಿ ಈ ವಿಷಯದ ಪ್ರಸ್ತಾಪವೇ ಇಲ್ಲ.

ಹಿಡಿದರೂ ಜನ ಸಾಲದಿದ್ದಾಗ, 1795ರಲ್ಲಿ ಪ್ರಧಾನಿ ಪಿಟ್‌ನ ಸರ್ಕಾರ ಪ್ರತಿ ಜಿಲ್ಲೆಯೂ ಪ್ರತಿ ಬಂದರೂ ಇಷ್ಟಿಷ್ಟು ಜನರನ್ನು ಕೊಡಬೇಕೆಂದು ಪಾಲು ಹಂಚಿತು. ಲಂಡನ್ ಬಂದರಿನ ಪಾಲು 5,704, ಯಾರ್ಕ್‌ಷೈರಿನದ್ದು 1,081, ಪುಟ್ಟ ರಟ್ಲೆಂಡಿನದ್ದು 23. ಸಂಖ್ಯೆ ತುಂಬಿಸಲು ಊರಿನವರು ಭಾರಿ ಇನಾಮು ಕೊಟ್ಟು ಸಮುದ್ರವನ್ನೇ ಕಾಣದವರನ್ನು ಸೇರಿಸಿದರು. ಎರಡು ವರ್ಷ ಮೊದಲೇ ಸೇರಿ ಹಡಗು ನಡೆಸುತ್ತಿದ್ದ ಹಳಬ ತಿಂಗಳಿಗೆ 24 ಶಿಲಿಂಗ್ ಎಣಿಸುತ್ತಿದ್ದಾಗ, ಹಗ್ಗ ಹಿಡಿಯಲೂ ಬಾರದವನು ಅವನ ವರ್ಷದ ಸಂಬಳಕ್ಕಿಂತ ಹೆಚ್ಚಿನ ಗಂಟನ್ನು ಜೇಬಿಗಿಟ್ಟುಕೊಂಡು ಬಂದದ್ದನ್ನು ಅವನು ಕಣ್ಣಾರೆ ಕಂಡ. 1797ರ ಏಪ್ರಿಲ್ 16ರಂದು ಪೋರ್ಟ್ಸ್‌ಮತ್ ಬಳಿಯ ಸ್ಪಿಟ್‌ಹೆಡ್‌ನಲ್ಲಿ ನಿಂತಿದ್ದ ಯುದ್ಧನೌಕೆಗಳ ಇಡೀ ದಂಡು ಲಂಗರು ಎತ್ತಲು ನಿರಾಕರಿಸಿತು. ಆ ನಾವಿಕರ ಬೇಡಿಕೆಗಳ ಪಟ್ಟಿ ಓದಿದವರಿಗೆ ಆಶ್ಚರ್ಯವಾಗುತ್ತದೆ: ಸಂಬಳ ಏರಿಸಿ, ತೂಕದಲ್ಲಿ ಮೋಸ ಮಾಡದೆ ಆಹಾರ ಕೊಡಿ, ರೋಗಿಗಳನ್ನು ನೋಡಿಕೊಳ್ಳಿ, ದಡಕ್ಕೆ ಹೋಗಿಬರಲು ಬಿಡಿ ಎಂದಿದೆಯೇ ಹೊರತು ಬಲವಂತದ ಭರ್ತಿಯನ್ನು ನಿಲ್ಲಿಸಿ ಎಂದಿಲ್ಲ. ಅದು ನಿಲ್ಲದೆಂದು ಅವರಿಗೆ ಗೊತ್ತಿದ್ದಿರಬಹುದು. ತಮ್ಮ ಕೆಲಸಕ್ಕೆ ತಕ್ಕ ಬೆಲೆ ಕೊಟ್ಟರೆ ಅದರ ಮೊನೆ ತಾನಾಗಿ ಮುರಿಯುತ್ತದೆಂದು ಎಣಿಸಿದ್ದಿರಲೂಬಹುದು. ಸರ್ಕಾರ ಮಣಿದು ನುರಿತವರ ಸಂಬಳಕ್ಕೆ ಐದೂವರೆ ಶಿಲಿಂಗ್ ಸೇರಿಸಿತು. ದಂಗೆಯೆದ್ದವರಿಗೆ ಕ್ಷಮೆಯೂ ಸಿಕ್ಕಿತು.

ನೌಕಾಪಡೆಯಲ್ಲಿ ಎಷ್ಟು ಪಾಲು ಜನ ಹೀಗೆ ಬಲವಂತಕ್ಕೆ ಬಂದವರು? ಇತಿಹಾಸಕಾರರಲ್ಲಿ ಇದು ಬಿಸಿ ಚರ್ಚೆ. ಅರ್ಧಕ್ಕಿಂತ ಹೆಚ್ಚು ಎಂಬುದು ಹಳೆಯ ಅಂದಾಜು. 1793ರಿಂದ 1801ರವರೆಗಿನ ಹಾಜರಿ ಪಟ್ಟಿಗಳಿಂದ 27,000ಕ್ಕೂ ಹೆಚ್ಚು ಹೆಸರುಗಳನ್ನು ಪರಿಶೀಲಿಸಿದ ರಾಸ್ ಡ್ಯಾನ್ಸಿ, ಹಿಡಿದು ತಂದವರು ಶೇ. 16ರಷ್ಟು ಮಾತ್ರ ಎಂದಿದ್ದಾರೆ. ಪಟ್ಟಿಯಲ್ಲಿ ಅಷ್ಟೇ ಇರುವುದು ನಿಜವಿರಬಹುದು. ಆದರೆ ಠಾಣೆಯಲ್ಲಿ ಕೂಡಿಹಾಕಿ, ಹೇಗೂ ಹೋಗಲೇಬೇಕು ಇನಾಮನ್ನಾದರೂ ತೆಗೆದುಕೋ ಎಂದಾಗ ಹೆಸರು ಬರೆಸಿದವನು ಪಟ್ಟಿಯಲ್ಲಿ ಸ್ವಯಂಸೇವಕನಾಗಿಯೇ ಕಾಣುತ್ತಾನೆ. ನಾಳೆ ಹಿಡಿಯುತ್ತಾರೆಂದು ಇಂದೇ ತಾನಾಗಿ ಹೋದವನೂ ಹಾಗೆಯೇ. ಇಂತಹ ಎಣಿಕೆಯಿಂದ ಪದ್ಧತಿಯ ಹಿಡಿತವನ್ನು ಅಳೆಯಲಾಗದು ಎಂಬ ಆಕ್ಷೇಪ ನನಗೆ ಸರಿಯೆನಿಸುತ್ತದೆ. ಆ ಕಾಲದ ಹೆಸರಾಂತ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ತಾನೇ 1803ರಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ ಹಿಂದಿನ ಯುದ್ಧದಲ್ಲಿ 42,000 ನಾವಿಕರು ಓಡಿಹೋದರೆಂದು ಲೆಕ್ಕ ಕೊಟ್ಟಿದ್ದಾನೆ. ಹಾಗೆ ಓಡಿಹೋದವರಲ್ಲಿ ಪಟ್ಟಿಯಲ್ಲಿ ಸ್ವಯಂಸೇವಕರೆಂದು ಬರೆಸಿಕೊಂಡವರೂ ಇದ್ದೇ ಇರುತ್ತಾರೆ.

ಬೇರೆ ದಾರಿ ಇರಲಿಲ್ಲವೇ? ಫ್ರಾನ್ಸಿನಲ್ಲಿ ಹದಿನೇಳನೆಯ ಶತಮಾನದಲ್ಲೇ ಮಂತ್ರಿ ಕೋಲ್ಬೇರ್ ಕರಾವಳಿಯ ನಾವಿಕರನ್ನೆಲ್ಲ ನೋಂದಾಯಿಸಿ, ಸರದಿಯ ಮೇಲೆ ಕರೆಸುವ ವ್ಯವಸ್ಥೆ ಮಾಡಿದ್ದ. ಬ್ರಿಟನ್ 1696ರಲ್ಲಿ ಸ್ವಇಚ್ಛೆಯ ನೋಂದಣಿಯನ್ನು ಶುರು ಮಾಡಿ, ಫಲ ಕಾಣದೆ 1710ರಲ್ಲಿ ಕೈಬಿಟ್ಟಿತು. ಕಡ್ಡಾಯ ನೋಂದಣಿಯ ಮಾತು ಬಂದಾಗಲೆಲ್ಲ ಅದು ಇಂಗ್ಲಿಷರ ಸ್ವಾತಂತ್ರ್ಯಕ್ಕೆ ಧಕ್ಕೆ, ಫ್ರೆಂಚರ ದಾಸ್ಯದ ಅನುಕರಣೆ ಎಂದು ಸಂಸತ್ತಿನಲ್ಲಿ ಕೂಗು ಏಳುತ್ತಿತ್ತು. ಸಂಬಳ ಏರಿಸಿದರೆ ವ್ಯಾಪಾರಿಗಳೂ ಏರಿಸುತ್ತಾರೆ, ಇರುವ ನಾವಿಕರ ಸಂಖ್ಯೆಯೇನೂ ಹೆಚ್ಚುವುದಿಲ್ಲ ಎಂಬ ಅಡ್ಮಿರಾಲ್ಟಿಯ, ಅಂದರೆ ನೌಕಾಪಡೆಯ ಆಡಳಿತ ಮಂಡಳಿಯ, ವಾದದಲ್ಲಿ ಹುರುಳಿತ್ತು. ಅಷ್ಟು ದೊಡ್ಡ ಯುದ್ಧವನ್ನು ಬರೀ ಸಂಬಳದ ಬಲದಿಂದ ನಡೆಸಲಾಗುತ್ತಿರಲಿಲ್ಲ. ಆದರೂ 144 ವರ್ಷ ಸಂಬಳವನ್ನು ಮುಟ್ಟದೆ ಇದ್ದುದಕ್ಕೆ ಆ ವಾದ ಸಮಜಾಯಿಷಿಯಾಗದು. ಯುದ್ಧದ ವೆಚ್ಚಕ್ಕೆ ಭೂಮಿಯ ಒಡೆಯರ ಮೇಲೆ ತೆರಿಗೆ ಹಾಕಲು ಅವರೇ ಕುಳಿತ ಸಂಸತ್ತಿನ ಒಪ್ಪಿಗೆ ಬೇಕಿತ್ತು. ಮತವಿಲ್ಲದ, ಊರಲ್ಲೇ ಇರದ ನಾವಿಕನಿಂದ ಅದೇ ವೆಚ್ಚವನ್ನು ವಸೂಲು ಮಾಡಲು ಒಂದು ವಾರಂಟ್ ಸಾಕಾಗಿತ್ತು.

1815ರಲ್ಲಿ ನೆಪೋಲಿಯನ್ ಸೋತ ಮೇಲೆ ಪ್ರೆಸ್ ಗ್ಯಾಂಗುಗಳು ಮತ್ತೆ ಬೀದಿಗೆ ಇಳಿಯಲಿಲ್ಲ. 1835ರಲ್ಲಿ ಜೇಮ್ಸ್ ಗ್ರಹಾಂ ತಂದ ಕಾಯಿದೆ ಹೀಗೆ ಹಿಡಿದವರ ಸೇವೆಗೆ ಐದು ವರ್ಷದ ಮಿತಿ ಹಾಕಿ, ನಾವಿಕರ ನೋಂದಣಿಯನ್ನು ಮತ್ತೆ ಶುರು ಮಾಡಿತು. 1853ರಲ್ಲಿ ಹತ್ತು ವರ್ಷಗಳ ಕಾಯಂ ಸೇವೆ, ಉತ್ತಮ ಸಂಬಳ, ಸೇವೆ ಮುಗಿದ ಮೇಲೆ ಪಿಂಚಣಿಯ ವ್ಯವಸ್ಥೆ ಬಂತು. 1859ರಲ್ಲಿ ಯುದ್ಧ ಬಂದಾಗ ಕರೆಸಿಕೊಳ್ಳಲು, ಶಾಂತಿಕಾಲದಲ್ಲಿ ಭತ್ಯೆ ಕೊಟ್ಟು ತರಬೇತಿ ನೀಡುವ ಮೀಸಲು ಪಡೆಯನ್ನು ಕಟ್ಟಿದರು. ಅಲ್ಲಿಗೆ ಹಿಡಿದೊಯ್ಯುವ ಅಗತ್ಯ ತೀರಿತು. ಆದರೆ ಫಾಸ್ಟರ್ ಮತ್ತು ಮ್ಯಾನ್ಸ್‌ಫೀಲ್ಡ್ ಎತ್ತಿಹಿಡಿದ ಅಧಿಕಾರವನ್ನು ತೆಗೆದುಹಾಕುತ್ತೇವೆಂದು ಆ ಯಾವ ಕಾಯಿದೆಯೂ ಹೇಳಲಿಲ್ಲ.